ಎಡಗಡೆ ಕಪ್ಪು, ಬಲಗಡೆ ಬೂದು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ತಪ್ಪಾದಲ್ಲಿ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಅದಕ್ಕೇ ಕೆಲವು ಸಾಲು ಗಲೀಜಾಗಿವೆ. ನಮ್ಮ ಅತ್ತೆಯ ಬಗ್ಗೆ ಬೇರೆ ಯಾರೂ ಬರೆಯುವಂತೆ ಕಾಣಲಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ. ನಲವತ್ತೊಂದು ವರ್ಷ, ಮದುವೆಯಾಗಿಲ್ಲ, ನಮ್ಮ ಜೊತೆಯೇ ಇದ್ದಾಳೆ. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಕೆಲಸ. ಮೇಣದಲ್ಲಿ ಒಸಡು ತಿದ್ದುತ್ತಾಳೆ, ಹಲ್ಲು ಜೋಡಿಸುತ್ತಾಳೆ, ತಯಾರಾದ ಸೆಟ್ಟುಗಳನ್ನು ಡಬ್ಬಿಯಲ್ಲಿಟ್ಟು ಮಧ್ಯಾಹ್ನ ತಾನೇ ಕ್ಲಿನಿಕ್ಕುಗಳಿಗೆ ಮುಟ್ಟಿಸುತ್ತಾಳೆ. ಬೀದಿಯಲ್ಲಿ ಅವಳನ್ನು ಹಲ್ಲಕ್ಕ ಅನ್ನುತ್ತಾರೆ. "ಕಡಲೆ ಇದ್ದೋರಿಗೆ ಹಲ್ಲು ಕೊಡೋದು ದೇವರ ಕೈಲಿ ಆಗ್ಲಿಲ್ಲ, ನಾನು ಕೊಡ್ತಾ ಇದ್ದೀನಿ" ಎಂದು ನಗುತ್ತಾಳೆ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಅವಳ ಬಲಗಾಲು ಸಣ್ಣಗಾಗಿದೆ. ಅದಕ್ಕೆ ಅವಳ ಸ್ಕೂಟರಿಗೆ ಹಿಂದುಗಡೆ ಎಡಕ್ಕೊಂದು ಬಲಕ್ಕೊಂದು ಹೆಚ್ಚಿನ ಚಕ್ರ ಹಾಕಿಸಿಕೊಂಡಿದ್ದಾಳೆ.

ಹೋದ ತಿಂಗಳು ತಿರುವಿನಲ್ಲಿ ಒಂದು ಕಾರು ಒರೆಸಿಕೊಂಡು ಹೋಗಿ ಗಾಡಿ ಮಗುಚಿತು. ಅತ್ತೆಯ ಮೊಣಕೈ ತರಚಿತು, ಅಷ್ಟೇ. ಡಬ್ಬಿಯೊಳಗಿನ ಹಲ್ಲುಗಳಿಗೂ ಏನೂ ಆಗಲಿಲ್ಲ. ಗಾಡಿಯ ಬಲಮೈ ಮಾತ್ರ ಪೂರ್ತಿ ಗೀರಿಹೋಯಿತು. ಅಪ್ಪ ಅವತ್ತೇ ತೀರ್ಮಾನ ಮಾಡಿದರು.

"ಸಾಕು ನಿನ್ನ ಸವಾರಿ. ಗಾಡಿ ಮಾರಿಬಿಡೋಣ. ಬೆಳಿಗ್ಗೆ ನಾನೇ ಬಿಡ್ತೀನಿ, ಸಂಜೆ ನಾನೇ ಕರ್ಕೊಂಡು ಬರ್ತೀನಿ."

"ಮಧ್ಯಾಹ್ನ ಕ್ಲಿನಿಕ್ಕಿಗೆ?"

"ಅದನ್ನ ಬೇರೆ ಯಾರಾದ್ರೂ ಮಾಡ್ತಾರೆ."

"ಮಾಡ್ತಾರೆ. ಆಮೇಲೆ ನನ್ನ ಕುರ್ಚಿಲೂ ಬೇರೆ ಯಾರಾದ್ರೂ ಕೂರ್ತಾರೆ."

ಅಪ್ಪ ಕೆಟ್ಟವರಲ್ಲ. ಹೆದರಿದ್ದರು. ಹೆದರಿದಾಗ ಅವರ ದನಿ ದೊಡ್ಡದಾಗುತ್ತದೆ. ಮುಂದಿನ ಭಾನುವಾರ ಗಾಡಿ ನೋಡಲು ಒಬ್ಬರು ಬರುತ್ತಾರೆ ಅಂದರು. ಅತ್ತೆ ಗಾಡಿಯ ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಶನಿವಾರ ಅವಳು ಕಂಕುಳಲ್ಲಿ ಒಂದು ಸುರುಳಿ ಇಟ್ಟುಕೊಂಡು ಬಂದಳು. ಗಾಡಿಯ ಮೈಗೆ ಅಂಟಿಸುವ ಕಪ್ಪು ವಿನೈಲ್ ಹಾಳೆ. ಕಾರ್ಬನ್ ಎಳೆಗಳನ್ನು ನೇಯ್ದ ಹಾಗೆ ಕಾಣುತ್ತದೆ, ಓರೆ ಹಿಡಿದರೆ ಬೆಳಕು ಗೆರೆಗೆರೆಯಾಗಿ ಓಡುತ್ತದೆ. ಸ್ಟಿಕರ್ ಅಂಗಡಿಯವನು, ಈ ಗಾಡಿಗೆ ಕತ್ತರಿಸಿಟ್ಟ ಸೆಟ್ಟೇ ಸಿಗುತ್ತದೆ, ಪಕ್ಕದ ಚಕ್ರದ ಮಡ್‌ಗಾರ್ಡಿಗೆ ಮಾತ್ರ ಬರುವುದಿಲ್ಲ, ಅದನ್ನು ಯಾರು ನೋಡುತ್ತಾರೆ ಬಿಡಿ ಅಂದನಂತೆ.

"ಎಲ್ಲರೂ ಮೊದಲು ನೋಡೋದೇ ಅದನ್ನ" ಎಂದು ಅತ್ತೆ ಬಿಡಿ ಹಾಳೆ ತಂದಿದ್ದಳು.

ಹಾಳೆ ಹಾಕಿದರೆ ಗೀರು ಮುಚ್ಚಿಹೋಗುತ್ತದೆ ಎಂದು ನಾನು ತಿಳಿದಿದ್ದೆ. ಮುಚ್ಚುವುದಿಲ್ಲ. ಕೆಳಗಿರುವುದೆಲ್ಲ ಮೇಲೆ ಎದ್ದು ಕಾಣುತ್ತದೆ, ಒಂದು ಮರಳಿನ ಕಾಳು ಕೂಡ. ಅವತ್ತು ಸಂಜೆಯೇ ಗೀರುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದೆವು. ಅತ್ತೆ ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ ನೋಡುತ್ತಿದ್ದಳು. ನುಣುಪು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆಯಂತೆ.

ಭಾನುವಾರ ಬೆಳಿಗ್ಗೆ ಆರಕ್ಕೆ ನನ್ನನ್ನು ಎಬ್ಬಿಸಿದಳು.

"ಏಳೇ. ಪುಸ್ತಕಕ್ಕೆ ಬೈಂಡ್ ಹಾಕ್ತಿದ್ಯಲ್ಲ, ಇದೂ ಹಂಗೇ."

"ನಂಗೆ ಪುಸ್ತಕದ ಒಳಗಿಂದು ತಲೆಗೆ ಹತ್ತಲಿಲ್ಲ ಅತ್ತೆ."

"ಹೊರಗಿಂದು ಬರ್ತಿತ್ತಲ್ಲ. ಇವತ್ತು ಬೇಕಾಗಿರೋದು ಅದೇ."

ಸ್ಪಿರಿಟ್ಟಿನಲ್ಲಿ ಒರೆಸಿ, ಮುಂಭಾಗದಿಂದ ಶುರು ಮಾಡಿದೆವು. ನಾನು ಹಾಳೆಯ ಎರಡು ಮೂಲೆ ಹಿಡಿದೆ. ಅತ್ತೆ ಬಟ್ಟೆ ಸುತ್ತಿದ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿ ಹೊರಡಿಸಿದಳು. ತಿರುವು ಬಂದಲ್ಲಿ ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಕೊಟ್ಟು ಮೆಲ್ಲಗೆ ಎಳೆಯಬೇಕು. ಆಸೆಪಟ್ಟು ಜಾಸ್ತಿ ಎಳೆದರೆ ನೇಯ್ಗೆ ಸೊಟ್ಟಗಾಗುತ್ತದೆ. ಅರ್ಧ ಬೆರಳಿನಷ್ಟು ಅಂಚು ಬಿಟ್ಟು ಕತ್ತರಿಸಿ ಒಳಕ್ಕೆ ಮಡಚಿದೆವು.

ಅಪ್ಪ ಹಲ್ಲುಜ್ಜುತ್ತ ಹೊರಗೆ ಬಂದರು.

"ಮಾರೋ ಗಾಡಿಗೆ ಹೊಸ ಬಟ್ಟೆ ಯಾಕೆ?"

"ಬೆತ್ತಲೆ ನಿಂತಿತ್ತು, ಅದಕ್ಕೆ" ಅಂದಳು ಅತ್ತೆ.

ಬಂದವರಿಗೆ ಚೆನ್ನಾಗಿ ಕಾಣಲಿ ಎಂದು ಮಾಡುತ್ತಿದ್ದೇವೆ ಅಂದುಕೊಂಡು ಅಪ್ಪ ಒಳಗೆ ಹೋದರು.

ಪಕ್ಕದ ಚಕ್ರಗಳ ಮಡ್‌ಗಾರ್ಡಿಗೆ ಅಳತೆ ತೆಗೆದು ಕತ್ತರಿಸುವ ಕೆಲಸ ನನ್ನದು. ಹಳೆಯ ಪೇಪರಿನಲ್ಲಿ ಮಾದರಿ ಮಾಡಿಕೊಂಡು, ಹಾಳೆಯ ಹಿಂದಿನ ಬಿಳಿ ಕಾಗದದ ಮೇಲೆ ಗೆರೆ ಎಳೆದೆ. ಉಳಿದದ್ದು ಸ್ವಲ್ಪವೇ ಹಾಳೆ, ಎರಡನೆಯದು ಹಿಡಿಸಲಿ ಎಂದು ಮಾದರಿಯನ್ನು ಅಡ್ಡಡ್ಡ ತಿರುಗಿಸಿದೆ. ಎರಡೂ ಕೂದಲೆಳೆ ತಪ್ಪದೆ ಕೂತವು. ನನಗೇ ಹೆಮ್ಮೆಯಾಯಿತು. ಆಮೇಲೆ ದೂರ ನಿಂತು ನೋಡಿದೆ. ಎಡಗಡೆಯದು ಕಪ್ಪು, ಬಲಗಡೆಯದು ಬೂದು. ಹಿಂದಿನ ಕಾಗದದಲ್ಲಿ ನೇಯ್ಗೆ ಕಾಣುವುದಿಲ್ಲವಲ್ಲ, ನಾನು ಒಂದನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ ಕತ್ತರಿಸಿದ್ದೆ. ಬೆಳಕು ಒಂದರ ಮೇಲೆ ಒಂದು ತರ, ಇನ್ನೊಂದರ ಮೇಲೆ ಇನ್ನೊಂದು ತರ ಬೀಳುತ್ತಿತ್ತು. ಹಾಳೆ ಮುಗಿದಿತ್ತು. ನನಗೆ ಅಳು ಬಂತು.

ಅತ್ತೆ ಏನೋ ಹೇಳುವಷ್ಟರಲ್ಲಿ ಗಾಡಿ ನೋಡುವವರು ಬಂದೇಬಿಟ್ಟರು. ದಪ್ಪ ಕನ್ನಡಕದ ಮನುಷ್ಯ. ಒಂದು ಸುತ್ತು ಹಾಕಿ, ಅತ್ತೆಯನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು.

"ಗಾಡಿ ಚೆನ್ನಾಗಿದೆ ಸಾರ್. ಈ ಎರಡು ಚಕ್ರ ಬಿಚ್ಚಿ ಬಿಸಾಕಿದ್ರೆ ಇನ್ನೂ ಚೆನ್ನಾಗಿರುತ್ತೆ. ಇದೇನು, ಒಂದು ಕಡೆ ಕಪ್ಪು, ಒಂದು ಕಡೆ ಬೂದು?"

ತಪ್ಪು ನನ್ನದು ಎಂದು ಹೇಳಬೇಕೆಂದರೆ ನಾಲಿಗೆ ಏಳಲಿಲ್ಲ. ಅತ್ತೆ ಗೋಡೆ ಹಿಡಿದು ಎದ್ದು ನಿಂತಳು.

"ನನ್ನ ಎರಡು ಕಾಲೂ ಒಂದೇ ತರ ಇಲ್ಲ. ನನ್ನ ಗಾಡಿ ಯಾಕೆ ಹಂಗಿರ್ಬೇಕು? ಇದು ಮಾರೋಕಿಲ್ಲ."

"ಏಯ್, ನಾನು ಮಾತು ಕೊಟ್ಟಿದ್ದೀನಿ" ಅಂದರು ಅಪ್ಪ.

"ಮಾತು ನಿಂದು ಅಣ್ಣ, ಗಾಡಿ ನಂದು. ನಿನ್ನ ಮಾತಿಗೆ ನಾನು ರುಜು ಹಾಕಲ್ಲ."

"ಮತ್ತೆ ಬಿದ್ರೆ?"

"ಬಿದ್ರೆ ಏಳ್ತೀನಿ. ನಡ್ಕೊಂಡು ಹೋಗಿ ಎಷ್ಟು ಸಲ ಬಿದ್ದಿಲ್ಲ? ಆಗ ಯಾರಾದ್ರೂ ಕಾಲು ಮಾರಿಬಿಡೋಣ ಅಂದ್ರಾ?"

ಬಂದವರು ಚಪ್ಪಲಿ ಹುಡುಕತೊಡಗಿದರು. ಅವರು ಚಪ್ಪಲಿ ಬಿಟ್ಟೇ ಇರಲಿಲ್ಲ, ಕಾಲಲ್ಲೇ ಇತ್ತು. ಆಗ ನಾನು ಬಾಯಿ ಬಿಟ್ಟೆ. "ಆ ಬೂದಿಂದು ಅಂಟಿಸಿದ್ದು ನಾನು" ಅಂದೆ. ಅಪ್ಪ ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

ಸೋಮವಾರ ಅತ್ತೆ ಎಂದಿನಂತೆ ಎಂಟೂವರೆಗೆ ಗಾಡಿ ಹತ್ತಿದಳು. ಎದುರುಮನೆ ಅಜ್ಜಿ ಕಿಟಕಿಯಿಂದಲೇ ಕೇಳಿದರು, "ಏನೇ ಹಲ್ಲಕ್ಕ, ಗಾಡಿಗೂ ಕಟ್ಟುಹಲ್ಲು ಹಾಕ್ಸಿದ್ಯಾ?"

"ಹೂಂ ಅಜ್ಜಿ, ಹುಷಾರು, ಕಚ್ಚುತ್ತೆ."

ಇವತ್ತಿಗೆ ಹನ್ನೊಂದು ದಿನ. ಹಾಳೆಯ ಅಂಚು ಎಲ್ಲೂ ಎದ್ದಿಲ್ಲ. ಅಪ್ಪ ಅತ್ತೆಯ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅತ್ತೆ ದಿನಾ ಹೋಗಿಬರುತ್ತಿದ್ದಾಳೆ. ಮೇಣ ತಿದ್ದಲು ನಿಧಾನದ ಕೈ ಬೇಕು, ಬರ್ತೀಯಾ ಎಂದು ಮೊನ್ನೆ ನನ್ನನ್ನು ಕೇಳಿದಳು. ಅಪ್ಪ ಬೇಡ ಅಂದಿದ್ದಾರೆ.

ನಾಳೆ ಎಂಟೂವರೆಗೆ ನಾನು ಹಲ್ಲಿನ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯ ಹಿಂದೆ ಕೂತು ಲ್ಯಾಬಿಗೆ ಹೋಗುತ್ತೇನೆ.