ನೆಗೆಣ್ಣಿಯ ಕಂದೀಲು

ಕುಷ್ಟಗಿಯ ನಮ್ಮ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ನಡುವೆ ಒಂದು ಗೋಡೆ ಎಬ್ಬಿಸಿದರು. ಕಲ್ಲು ಸಾಲದೆ ಅದು ಜಂತಿ ಮುಟ್ಟಲಿಲ್ಲ, ಮೇಲೆ ಮೊಳದಷ್ಟು ಸಂದು ಉಳಿಯಿತು. ಆ ಕಡೆ ನನ್ನ ಗಂಡನ ಅಣ್ಣ, ನನಗೆ ಭಾವ. ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಈ ಕಡೆ ನಾವು. ನಮ್ಮವರು ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಅಂಗಿ, ಕುಪ್ಪಸ ಹೊಲಿಯುತ್ತಿದ್ದರು. ಭಾವನ ಹೆಂಡತಿ, ನನ್ನ ನೆಗೆಣ್ಣಿ, ನನಗಿಂತ ತುಸು ದೊಡ್ಡವಳು. ಯುದ್ಧ ಶುರುವಾಗುವ ತನಕ ನಮ್ಮಿಬ್ಬರಲ್ಲಿ ಅಂಥ ವೈಮನಸ್ಸೇನೂ ಇರಲಿಲ್ಲ.

ಯುದ್ಧ ಎಲ್ಲೋ ಸಮುದ್ರದಾಚೆ ನಡೆದಿತ್ತು. ನಮ್ಮ ಮನೆಗೆ ಅದು ಬಂದದ್ದು ಚಿಮಣಿ ಎಣ್ಣೆಯ ರೂಪದಲ್ಲಿ. ಸಂತೆಯಿಂದ ಸಂತೆಗೆ ಎಣ್ಣೆಯ ದರ ಏರಿತು. ಆಮೇಲೆ ದರ ಕೊಡುತ್ತೇನೆಂದರೂ ಎಣ್ಣೆ ಸಿಗದಾಯಿತು. ಹೊತ್ತು ಮುಳುಗಿದರೆ ನಾನು ಔಡಲೆಣ್ಣೆಯ ಹಣತೆ ಹಚ್ಚುತ್ತಿದ್ದೆ. ಅದರ ಹೊಗೆಗೆ ಹೊಲಿದ ಬಿಳಿ ಅರಿವೆಯೂ ಕಪ್ಪಾಗುತ್ತಿತ್ತು.

ಒಂದು ದಿನ ಕಚೇರಿಯಿಂದ ಪೇಟೆಯವರಿಗೆಲ್ಲ ಕರೆ ಬಂತು. ಸರ್ಕಾರ ಯುದ್ಧದ ಖರ್ಚಿಗೆ ಸಾಲ ಎತ್ತುತ್ತಿದೆ, ಎಲ್ಲರೂ ಸಾಲದ ಕಾಗದ ಕೊಳ್ಳಬೇಕು, ಅವಧಿ ಮುಗಿದ ಮೇಲೆ ಬಡ್ಡಿ ಸಮೇತ ವಾಪಸು ಎಂದು ಅಲ್ಲಿ ಹೇಳಿದರಂತೆ. ಭಾವ ದೊಡ್ಡ ಮೊತ್ತದ ಕಾಗದವನ್ನೇ ಕೊಂಡರು. ನಮ್ಮವರು ಕೈಮುಗಿದು, “ದಾರದ ಉಂಡಿ ತರಾಕ ರೊಕ್ಕ ಇಲ್ರಿ ಸಾಹೇಬ್ರ, ಸರ್ಕಾರಕ್ಕ ನಾ ಏನ್ ಸಾಲಾ ಕೊಡ್ಲಿ?” ಎಂದು ಹೇಳಿ ಬಂದುಬಿಟ್ಟರು.

ಸ್ವಲ್ಪ ದಿನಕ್ಕೆ ಊರಿಗೆ ಚಿಮಣಿ ಎಣ್ಣೆ ಹಂಚುವ ಕೆಲಸ ಭಾವನ ಅಂಗಡಿಗೆ ಸಿಕ್ಕಿತು. ಕಾಗದ ಕೊಂಡದ್ದಕ್ಕೇ ಸಿಕ್ಕಿತೋ ಬೇರೆ ಕಾರಣಕ್ಕೋ ನನಗೆ ಗೊತ್ತಿಲ್ಲ. ಅದಕ್ಕೇ ಎಂದು ನಾನಂತೂ ನಂಬಿಬಿಟ್ಟೆ.

“ನೀವೂ ಒಂದ್ ಕಾಗದ ತಗೊಂಡಿದ್ರ ನಮ್ಮನ್ಯಾಗೂ ಬೆಳಕ ಇರ್ತಿತ್ತು” ಎಂದೆ ಗಂಡನಿಗೆ.

“ಏನ್ ಮಾರಿ ತಗೋಬೇಕಿತ್ತು? ಮಷಿನ್ನೋ, ನಿನ್ನ ನಡದಾಗಿನ ಡಾಬೋ?”

ನಾನು ಸೆರಗನ್ನು ನಡದ ಮೇಲೆ ಎಳೆದುಕೊಂಡೆ. ಬೆಳ್ಳಿಯ ಡಾಬು ತವರಿನವರು ಹಾಕಿದ್ದು.

ಆ ಕಡೆ ನೆಗೆಣ್ಣಿ ಗಾಜಿನ ಬುರುಡೆಯ ಕಂದೀಲು ಹಚ್ಚತೊಡಗಿದಳು. ಸಂದಿನಿಂದ ಅದರ ಬೆಳಕು ನಮ್ಮ ಜಂತಿಗೆ ಬೀಳುತ್ತಿತ್ತು. ಜಂತಿಯ ಜೇಡರ ಬಲೆ ಕಾಣುತ್ತಿತ್ತು, ನನ್ನ ಕೈಯಲ್ಲಿದ್ದ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಓಣಿಯ ಹೆಂಗಸರೆಲ್ಲ ಕಾಳು ಹಸನು ಮಾಡಲು, ಹತ್ತಿ ಬಿಡಿಸಲು ಅವಳ ಮನೆಗೇ ಹೋಗತೊಡಗಿದರು. ಮೊದಲು ಅವರು ಕೂಡುತ್ತಿದ್ದದ್ದು ನನ್ನ ಕಟ್ಟೆಯ ಮೇಲೆ. ಗೋಡೆಯಾಚೆ ಅವರ ನಗು ಕೇಳಿದಾಗ, ನನ್ನ ಮೇಲೇ ಏನೋ ಆಡಿಕೊಂಡು ನಗುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ಸಂಜೆ ನನ್ನ ಮಗಳೂ ಎದ್ದು ಹೊರಟಳು.

“ಎಲ್ಲಿಗೆ?”

“ದೊಡ್ಡವ್ವನ ಮನಿಗೆ. ಅಲ್ಲಿ ಎಲ್ಲಾರ ಮುಖಾ ಕಾಣತಾವ.”

ನಾನು ಹಣತೆಯ ಬತ್ತಿ ಮೇಲೆಳೆದೆ, ಹೆಚ್ಚಿದ್ದು ಹೊಗೆ ಮಾತ್ರ.

ಅಷ್ಟರಲ್ಲಿ ಇದ್ದಲಿಗೂ ಬರ ಬಂತು. ಪೆಟ್ರೋಲು ತುಟ್ಟಿಯಾಗಿ, ಸಿಗದೆ, ಕೊಪ್ಪಳಕ್ಕೆ ಹೋಗುವ ಮೋಟಾರು ಬಸ್ಸಿಗೆ ಹಿಂದುಗಡೆ ಒಂದು ದೊಡ್ಡ ಒಲೆ ಕಟ್ಟಿದರು. ಇದ್ದಲಿಯ ಹೊಗೆಯಿಂದ ಓಡುವ ಮೋಟಾರು ಅದು. ಊರಿಗೆ ಬಂದ ಇದ್ದಲಿಯ ಚೀಲಗಳೆಲ್ಲ ಅದರ ಬಾಯಿಗೇ. ನಮ್ಮವರ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತು. ಇಸ್ತ್ರಿ ಕಾಣದ ಅಂಗಿ ಯಾರಿಗೆ ಬೇಕು? ಗಿರಾಕಿಗಳು ಒಬ್ಬೊಬ್ಬರೇ ತಪ್ಪಿದರು.

ಮದುವೆಯ ದಿನಗಳಲ್ಲಿ ಯಲಬುರ್ಗಿಯ ಒಂದು ಮನೆಯವರು ಒಂದು ಹೊರೆ ಕುಪ್ಪಸದ ಅರಿವೆ ತಂದು ಹಾಕಿದರು. ಹಗಲಷ್ಟೇ ಹೊಲಿದರೆ ಮುಗಿಯುವಂತಿರಲಿಲ್ಲ. ನೆಗೆಣ್ಣಿಗೆ ಅದು ಹೇಗೆ ತಿಳಿಯಿತೋ, ಬಾಗಿಲಿಗೆ ಬಂದು, “ಮಷಿನ್ ನಮ್ಮ ಪಡಸಾಲ್ಯಾಗ ಇಡ್ರಿ ಮೈದುನಾ, ಕಂದೀಲ ಹೆಂಗೂ ಉರೀತಿರತೈತಿ” ಎಂದಳು.

“ಬ್ಯಾಡ” ಎಂದೆ ನಾನು.

“ನೀ ಸುಮ್ಮನಿರು” ಎಂದರು ನಮ್ಮವರು. ಮಷಿನ್ ಆ ಕಡೆ ಹೋಯಿತು.

ಮದುವೆಯ ಕೆಲಸ ಮುಗಿದ ಮೇಲೂ ಅದು ಅಲ್ಲೇ ಉಳಿಯಿತು. ಊರವರು ನಮ್ಮವರನ್ನು ‘ಅರಿವೆ ಅಂಗಡಿಯ ದರ್ಜಿ’ ಎನ್ನತೊಡಗಿದರು. ನನ್ನ ಮನೆಯಲ್ಲಿ ಮಷಿನ್ನಿನ ಸದ್ದಿಲ್ಲದೆ ಒಂದು ಥರದ ಭಣಭಣ. ಸಂಜೆ ನೆಗೆಣ್ಣಿ ನನ್ನ ಗಂಡನಿಗೆ ಚಹಾ ಕೊಡುವ ಬಟ್ಟಲಿನ ಸದ್ದು ಮಾತ್ರ ಸಂದಿನಿಂದ ಕೇಳುತ್ತಿತ್ತು. ನಾನು ಹಣತೆ ಹಚ್ಚುವುದನ್ನೇ ಬಿಟ್ಟು ಕತ್ತಲಲ್ಲಿ ಕೂಡುತ್ತಿದ್ದೆ.

ಆ ವರ್ಷ ಭಾವ ಹುಲಿಗೆಮ್ಮನಿಗೆ ಹರಕೆ ಹೊತ್ತು ನಮ್ಮನ್ನೂ ಕರೆದರು. ಒಲೆಯ ಮೋಟಾರಿನಲ್ಲಿ ಕೊಪ್ಪಳಕ್ಕೆ ಹೊರಟೆವು. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ಹುಲಿಗಿಯ ಹೊಳೆಯಲ್ಲಿ ನಾನೂ ನೆಗೆಣ್ಣಿಯೂ ಇಬ್ಬರೇ ಮೀಯುವಾಗ ಅವಳ ನಡ ನೋಡಿದೆ. ಮದುವೆಯಲ್ಲಿ ಹಾಕಿದ ಬಂಗಾರದ ಡಾಬು ಇರಲಿಲ್ಲ. ಸೆರಗಿನೊಳಗೆ ಸದಾ ಮುಚ್ಚಿರುತ್ತಿದ್ದ ಕೈಯಲ್ಲಿ ಪಾಟಲಿಯೂ ಇರಲಿಲ್ಲ, ಬರೀ ಗಾಜಿನ ಬಳೆ.

“ಎಲ್ಲಿ ಅವೆಲ್ಲಾ?” ಎಂದೆ.

“ಸರ್ಕಾರಕ್ಕ ಸಾಲಾ ಕೊಟ್ವಲ್ಲ” ಎಂದಳು. “ಒಲ್ಲೆ ಅಂದ್ರ ಅಂಗಡಿ ಉಳೀತೈತೋ ಇಲ್ಲೋ ಅಂತ ಇವ್ರು ಹೆದರಿದ್ರು. ಈಗ ಅರಿವಿ ದರ ಮುಗಿಲ ಮುಟ್ಟೈತಿ. ಹೊಸಾ ಮಾಲ್ ತರಾಕ ರೊಕ್ಕ ಇಲ್ಲ, ಕಾಗದ ಅವಧಿ ಮುಗಿಯೋತನಾ ಮುರಿಯಂಗಿಲ್ಲ.” ನೀರಲ್ಲಿ ನಿಂತೇ ನನ್ನ ನಡದ ಕಡೆ ನೋಡಿದಳು. “ನಿನ್ನ ಕಂಡ್ರ ನನಗ ಹೊಟ್ಟಿ ಉರೀತೈತವ್ವಾ. ನಿನ್ನ ಗಂಡ ಒಲ್ಲೆ ಅಂದ. ನಿಂದು ಉಳೀತು.”

ನನಗೆ ಅವಳ ಮೇಲೆ ಮರುಕ ಹುಟ್ಟಬೇಕಿತ್ತು. ಹುಟ್ಟಿತು ಕೂಡ, ಆದರೆ ಆಮೇಲೆ. ಮೊದಲು ಹುಟ್ಟಿದ್ದು ಖುಷಿ. ನನ್ನನ್ನು ನೋಡಿಯೂ ಒಬ್ಬರು ಉರಿಯುತ್ತಾರೆ ಎಂಬ ಖುಷಿ. ದಂಡೆಗೆ ಬಂದು ಸೀರೆ ಉಡುವಾಗ ಡಾಬು ಎದ್ದು ಕಾಣುವಂತೆ ನೆರಿಗೆ ಹಿಡಿದೆ.

ಯುದ್ಧ ಮುಗಿಯಿತು. ಅಷ್ಟರಲ್ಲಿ ಅರಿವೆಗೂ ಸರ್ಕಾರದ ಕಂಟ್ರೋಲು ಬಂದು ಭಾವನ ಅಂಗಡಿಯ ಕಪಾಟುಗಳು ಬರಿದಾದವು. ಎಣ್ಣೆ ಹಂಚುವ ಕೆಲಸವೂ ಬೇರೆಯವರ ಪಾಲಾಯಿತು. ಸಾಲದ ಕಾಗದದ ದುಡ್ಡು ಬಡ್ಡಿಯೊಡನೆ ಬಂತು, ಸರ್ಕಾರ ಮಾತು ತಪ್ಪಲಿಲ್ಲ. ಆದರೆ ಅಷ್ಟು ಹೊತ್ತಿಗೆ ಬಂಗಾರದ ದರ ಎಲ್ಲಿಗೋ ಹೋಗಿತ್ತು. ಬಂದ ದುಡ್ಡಿಗೆ ಅವಳ ಪಾಟಲಿಯಷ್ಟೇ ಮರಳಿತು. ಭಾವ ಅಂಗಡಿ ಮುಚ್ಚಿ, ಗಂಗಾವತಿಯ ಒಬ್ಬ ಭತ್ತದ ವ್ಯಾಪಾರಿಯ ಬಳಿ ಲೆಕ್ಕ ಬರೆಯಲು ಹೊರಟರು.

ಬಂಡಿಗೆ ಸಾಮಾನು ಹೇರಿದ ದಿನ ನೆಗೆಣ್ಣಿ ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ. ಅದು ಸುಳ್ಳು ಅಳುವಾಗಿರಲಿಲ್ಲ. ಬಂಡಿ ಏರಿ ಕೂತ ಮೇಲೆ ಅವಳು ಕಣ್ಣೊರೆಸಿಕೊಂಡು ಹೇಳಿದಳು:

“ಅಲ್ಲಿ ನೀರಾವರಿ ಭೂಮಿ ಐತಂತ. ದಿನಾ ಅನ್ನ ಉಣಬಹುದಂತ. ನೀವೂ ಬರ್ರಿ ಒಮ್ಮೆ.”

ನಮ್ಮ ಮನೆಯಲ್ಲಿ ಅನ್ನವೆಂದರೆ ಹಬ್ಬಕ್ಕೆ ಮಾತ್ರ. ಬಂಡಿ ಓಣಿ ದಾಟುವ ತನಕ ನಿಂತಿದ್ದು ಒಳಗೆ ಬಂದೆ. ರೊಟ್ಟಿ ಬಡಿಯಲು ಹಿಟ್ಟು ನಾದುತ್ತಾ ಕೂತರೆ ಅವಳು ಅಲ್ಲಿ ಬಿಸಿ ಅನ್ನ ಕಲಸುವುದೇ ಕಣ್ಮುಂದೆ ಬಂತು. ಹಿಟ್ಟನ್ನು ಕಟ್ಟಿಗೆಯ ಕೊಣಮಿಗೆಯಲ್ಲಿ ಹಾಗೇ ಬಿಟ್ಟು, ಗಂಡನ ಮುಂದೆ ಹೋಗಿ ನಿಂತೆ.

“ಗಂಗಾವತ್ಯಾಗ ದರ್ಜಿ ಬೇಕಾಗಿಲ್ಲೇನ್ರಿ?” ಎಂದೆ.