ನನ್ನದೇ ಕೆಲಸಕ್ಕೆ ನನ್ನ ಸಂದರ್ಶನ

ಮೂಡಲಗಿಯ ನಮ್ಮ ಮನೆಯಲ್ಲಿ ಕೂತು ನಾನು ಒಂದು ದೊಡ್ಡ ಕಂಪನಿಗೆ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದೆ. ಗಿರಾಕಿಗಳಿಗೆ ಒಂದೇ ಸಂದೇಶ ಎರಡೆರಡು ಸಲ ಹೋಗದಂತೆ ನೋಡಿಕೊಳ್ಳುವ ಪ್ರೋಗ್ರಾಂ ನನ್ನ ಪಾಲಿಗಿತ್ತು. ಹೀಗಿರುವಾಗ ಕಂಪನಿ ಅದೇ ಕೆಲಸಕ್ಕೆ ಕಾಯಂ ಹುದ್ದೆ ಕರೆಯಿತು. ನಾನೂ ಅರ್ಜಿ ಹಾಕಿದೆ.

ಸಂದರ್ಶನದ ದಿನ ನೆಟ್‌ವರ್ಕ್ ಕೈ ಕೊಡಬಾರದೆಂದು ಬಸ್ ಹತ್ತಿ ಗೋಕಾಕಿನ ಕಾಕಾನ ಮನೆಗೆ ಹೋದೆ. ಕಾಕಾ ಟಿವಿ ಬಂದ್ ಮಾಡಿ, ಮಿಕ್ಸರ್ ಹಚ್ಚಬೇಡವೆಂದು ಕಾಕಿಗೆ ತಾಕೀತು ಮಾಡಿದ.

"ಕೆಲಸ ನೀನ ಮಾಡಾಕತ್ತೀ. ಮತ್ತ ಇವರೇನ್ ಕೇಳ್ತಾರ?"

"ನನಗ ಆ ಕೆಲಸ ಬರತೈತೋ ಇಲ್ಲೋ ಅಂತ ಕೇಳ್ತಾರ."

ಕಾಕಾ ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಪರದೆಯ ಮೇಲೆ ಬಂದವರು ನನ್ನನ್ನು ಎಂದೂ ಕಂಡವರಲ್ಲ. ಒಂದೇ ಸಂದೇಶ ಎರಡು ಸಲ ಹೋದರೆ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಹುರುಪಿನಿಂದ, ಕಳೆದ ದೀಪಾವಳಿಗೆ ಹಾಗೆಯೇ ಆಗಿತ್ತು, ನಾನೇ ಸರಿಪಡಿಸಿದೆ ಎಂದು ಹೇಳತೊಡಗಿದೆ. ಅವರು ಕೈ ಅಡ್ಡ ಹಿಡಿದರು. ಆದದ್ದು ಬೇಡವಂತೆ, ಅಂಥದ್ದು ಆಯಿತು ಎಂದು ಊಹಿಸಿಕೊಂಡು ಹೇಳಬೇಕಂತೆ. ಕಣ್ಣಾರೆ ಕಂಡದ್ದನ್ನು ಊಹಿಸಿಕೊಳ್ಳಲು ಹೋಗಿ ನಾನು ತಡವರಿಸಿದೆ.

ವಾರದ ನಂತರ ಉತ್ತರ ಬಂತು: ಪ್ರತ್ಯಕ್ಷ ಅನುಭವ ಸಾಲದು. ಅದನ್ನು ಓದಿ ಮೊದಲು ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ, ಉಳ್ಳಾಗಡ್ಡಿ ಹೆಚ್ಚುವ ನೆವದಲ್ಲಿ ಸ್ವಲ್ಪ ಅತ್ತೆ.

ಮತ್ತೊಂದು ವಾರಕ್ಕೆ ಮ್ಯಾನೇಜರ್ ಫೋನ್ ಮಾಡಿದರು. ಹೊಸಬನೊಬ್ಬ ಆಯ್ಕೆಯಾಗಿದ್ದಾನೆ, ಕೆಲಸ ಕಲಿಸಿ ಎಂದರು. ನಾಲ್ಕು ದಿನ ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದೆವು. ಐದನೆಯ ದಿನ ಅವನ ಬಾಯಿಂದ "ಹೌದ್ರಿ" ಎಂದು ಜಾರಿತು. ಹುಡುಗ ನಮ್ಮ ಕಡೆಯವನೇ, ಹುಕ್ಕೇರಿಯವ! ಅಂದಿನಿಂದ ನಾನು ಅವನಿಗೆ ಅಕ್ಕಾರ ಆದೆ.

"ಅಕ್ಕಾರ, ಇಷ್ಟೆಲ್ಲಾ ನಿಮಗ ಗೊತ್ತೈತಿ. ಈ ಹುದ್ದೆಗೆ ನೀವ್ಯಾಕ ಅರ್ಜಿ ಹಾಕಲಿಲ್ರಿ?"

"ಹಾಕಿದ್ದೆ."

ಅವನು ಗಡಬಡಿಸಿ, ಉಳಿದದ್ದು ನಾಳೆ ಕಲಿಯುತ್ತೇನೆಂದು ಫೋನ್ ಇಟ್ಟುಬಿಟ್ಟ.

ಮರುವರ್ಷ ಅದೇ ಕೆಲಸಕ್ಕೆ ಇನ್ನೊಂದು ಹುದ್ದೆ ಕರೆದರು. ಮತ್ತೆ ಅದೇ ಬಸ್ಸು, ಅದೇ ಕಾಕಾನ ಮನೆ. ಈ ಸಲ ಪರದೆಯ ಮೇಲೆ ಇಬ್ಬರಿದ್ದರು. ಒಬ್ಬರು ಅಪರಿಚಿತರು, ಇನ್ನೊಬ್ಬ ನನ್ನ ಶಿಷ್ಯ. ಪಾಪ, ತಲೆ ಎತ್ತದೆ ಅದೇ ಪ್ರಶ್ನೆ ಓದಿದ. ನನಗೆ ಈಗ ಬುದ್ಧಿ ಬಂದಿತ್ತು. "ಹೀಗಾಯಿತು ಅಂತ ಇಟ್ಟುಕೊಳ್ಳೋಣ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ, ಆ ದೀಪಾವಳಿಯ ಕಥೆಯನ್ನೇ ದೀಪಾವಳಿ ತೆಗೆದು ಹೇಳಿದೆ. ಅಪರಿಚಿತರು ಮೆಚ್ಚಿ ತಲೆದೂಗಿದರು.

ಆಯ್ಕೆಯಾದೆ. ಕಾಕಾ ಓಣಿಗೆಲ್ಲ ಕುಂದಾ ಹಂಚಿದ. ಆದರೆ ಹೊಸದಾಗಿ ಸೇರಿದವರು ಹಿರಿಯರ ಕೈಯಲ್ಲಿ ಒಂದು ವಾರ ಕಲಿಯಬೇಕೆಂಬುದು ಕಂಪನಿಯ ನಿಯಮ. ರವಿವಾರ ಹುಕ್ಕೇರಿಯಿಂದ ಫೋನ್ ಬಂತು.

"ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ನಿಮಗ ಕಲಿಸಾಕ ನನಗ ಹೇಳ್ಯಾರ."

"ಕಲಿಸಪಾ," ಎಂದೆ, "ಕಲೀತೇನಿ."

ಸೋಮವಾರ ಪಾಠ ಶುರುವಾಯಿತು. ಅವನು ಚೆನ್ನಾಗಿಯೇ ಕಲಿಸಿದ. ಎರಡು ಕಡೆ ತಪ್ಪಿದ; ಹೊಸಬಳು ನಾನು, ಸುಮ್ಮನೆ ಬರೆದುಕೊಂಡೆ.