ಬೋಟಿಗೆ ಹಗ್ಗ ನಮ್ಮದೇ

"ಇಪ್ಪತ್ತು ಕ್ಯಾನ್ ನೀರು ತರ್ಸಿ, ಬೋಟ್ಗೆ ಏರುಸ್ಬೇಕು" ಅಂದಳು ನನ್ನ ಹೆಂಡತಿ ನಾಗಮಣಿ. ಕೊಚ್ಚಿಯ ಜೆಟ್ಟಿಯಲ್ಲಿ, ಬೋಟು ಮಾರುವವರ ಎದುರಿಗೇ.

ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಹದಿನೆಂಟು ವರ್ಷ ನೇವಿಯಲ್ಲಿದ್ದವನು ನಾನು, ಹಾಯಿದೋಣಿ ರೇಸಿನಲ್ಲಿ ಕಪ್ ಎತ್ತಿದವನು. ಗೆಟ್ಟವಾಡಿಯ ರಾಗಿ ಹೊಲದಿಂದ ಎದ್ದು ಬಂದವಳು ನನಗೆ ಬೋಟು ನೋಡೋದು ಹೇಳಿಕೊಡಬೇಕಾ?

ವಿಷಯ ಇಷ್ಟೇ. ರಿಟೈರ್ ಆಗಿ ಊರಿಗೆ ಬಂದರೂ ಸಮುದ್ರದ ಹುಚ್ಚು ಬಿಟ್ಟಿರಲಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ಯಾಟ್, ಅದೇ ಹಾಯಿ ಬೋಟು, ತಗೋಬೇಕು, ರೇಸಿಗೂ ಆಗಬೇಕು, ಕರಾವಳಿ ಹಿಡಿದು ಊರೂರು ಸುತ್ತೋದಕ್ಕೂ ಆಗಬೇಕು...

ನಾಗಮಣಿ ಬೇಡ ಅನ್ನಲಿಲ್ಲ.

"ನಾನೂ ಬರಂಗಿದ್ರೆ ತಕ್ಕೊಳಿ. ಇನ್ನೊಂದ್ಸಲ ದಡದಲ್ಲಿ ಕಾಯ್ಕಂಡು ಕೂರಕ್ಕೆ ನನ್ ಕೈಲಾಗಲ್ಲ ಕಣ್ರೀ" ಅಂದಳು. ಹದಿನೆಂಟು ವರ್ಷ ಮನೆ, ಹೊಲ, ಮಕ್ಕಳು ಎಲ್ಲ ಒಬ್ಬಳೇ ಸಂಭಾಳಿಸಿದವಳು. ಆಯ್ತು ಅಂತ ಮಾತು ಕೊಟ್ಟೆ.

ಕೊಚ್ಚಿಗೆ ಹೊರಟ ದಿನ ಬೆಳಗ್ಗೆ ದಿಂಬಂನಲ್ಲಿ ಟೀ ಕುಡಿದು ಘಾಟಿ ಇಳಿಯುವಾಗ ನೋಡ್ತೀನಿ, ಅವಳ ಮಡಿಲಲ್ಲಿ ಹೊಸ ಹಗ್ಗದ ಸುರುಳಿ. ತಾಳವಾಡಿ ಅಂಗಡಿಯದು.

ಯಾಕಮ್ಮಿ ಇದು ಅಂದರೆ, "ಬೇಕಾಯ್ತದೆ, ನೀವ್ ಗಾಡಿ ನೋಡ್ಕಂಡ್ ಓಡ್ಸಿ" ಅಂದಳು.

ಮೊದಲ ಬೋಟು ನೋಡಿದ ಕೂಡಲೇ ನಾನು ಮರುಳಾದೆ. ತೆಳ್ಳನೆ ಮೈ, ಎತ್ತರದ ಕಂಬ. ಎಂಥಾ ಬೋಟು ಸಾರ್ ಅಂತ ಮಾರುವವರ ಎದುರೇ ಬಾಯಿ ಬಿಟ್ಟೆ. ನಾಗಮಣಿ ಮೊಣಕೈ ಚಿವುಟಿದಳು.

ಅವಳಪ್ಪ ತಾಳಮಲೆ ಕಡೆಯವರು, ಎತ್ತು ಕೊಳ್ಳುವವರಿಗೆಲ್ಲ ಜೋಡಿ ಆರಿಸಿ ಕೊಡುತ್ತಿದ್ದವರು. ಮಾರುವವನ ಮುಂದೆ ದನ ಹೊಗಳಬಾರದು ಅನ್ನೋದು ಅವರ ಮನೆಯ ಮೊದಲ ಪಾಠ.

ಒಂದು ಸುತ್ತು ಹೋದೆವು. ಹಾಯಿ ಏರಿಸಿದ್ದೇ ತಡ, ಹಾರಿತು! ವಾಪಸ್ ಬಂದು ಮಾತು ಮುಗಿಸಲು ಕೈ ಚಾಚಿದೆ. ಆಗಲೇ ಅವಳು ನೀರಿನ ಕ್ಯಾನ್ ಕೇಳಿದ್ದು.

"ಖಾಲಿ ನಡ್ದುದ್ದ ನೋಡುದ್ರಿ. ಬಾರ ಆಕುದ್ರೆ ಎಂಗ್ ನಡೀತದೆ ನೋಡದ್ ಬ್ಯಾಡ್ವಾ? ನಮ್ಮಪ್ಪ ಎರಡೂ ನೋಡ್ದೆ ಯಾವ್ ಎತ್ತೂ ಒಪ್ತಿರ್ನಿಲ್ಲ."

ಜೆಟ್ಟಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಸಿಟ್ಟಿನಲ್ಲೇ ಕ್ಯಾನ್ ಹೊತ್ತೆ.

ಬೋಟಿನ ಹಿಂಭಾಗ ನೀರಿಗೆ ಕುಸಿಯಿತು, ಮೂತಿ ಮೇಲೆದ್ದಿತು. ಅಷ್ಟು ಚುರುಕಾಗಿದ್ದದ್ದು ಈಗ ತಿರುಗಿಸಿದರೂ ತಿರುಗದು. ಮಾರುವವರೇ ಹೇಳಿಬಿಟ್ಟರು, ಇದು ಬರೀ ರೇಸಿನ ಬೋಟು, ಇದರಲ್ಲಿ ಯಾರೂ ಸಾಮಾನು ಹೇರಲ್ಲ ಅಂತ.

ಒಳಗೆ ಸ್ಟೌ ಇಲ್ಲ. ಟಾಯ್ಲೆಟ್ ಇಲ್ಲ. ಸರಿಯಾಗಿ ಮಲಗೋಕೂ ಜಾಗ ಇಲ್ಲ.

ನಿಜ ಹೇಳ್ತೀನಿ... ಅದನ್ನೆಲ್ಲ ನಾನು ಮೊದಲೇ ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ. ಅವಳಿಗೆ ಕೊಟ್ಟ ಮಾತಿನಿಂದ ಜಾರಿಕೊಳ್ಳುತ್ತಿದ್ದೇನೆ ಅಂತ ಗೊತ್ತಿತ್ತು ನನಗೆ.

ಎರಡನೆಯದು ಒಬ್ಬ ವಯಸ್ಸಾದ ಡಾಕ್ಟರದ್ದು. ಬಣ್ಣ ಮಾಸಿದ ಹಸಿರು ಬೋಟು. ಫೋನಿನಲ್ಲಿ ಫೋಟೋ ನೋಡಿಯೇ ಎಮ್ಮೆ ಅಂತ ತಳ್ಳಿಹಾಕಿದ್ದೆ.

ಖಾಲಿ ಓಡಿಸಿದೆ. ಮೊದಲನೆಯದರಷ್ಟು ಇಲ್ಲ, ಆದರೆ ಚೆನ್ನಾಗೇ ಓಡಿತು. ಮತ್ತೆ ಅದೇ ಇಪ್ಪತ್ತು ಕ್ಯಾನ್ ನಾನೇ ಹೊತ್ತೆ. ಭಾರ ಬಿದ್ದರೂ ಹದ ತಪ್ಪಲಿಲ್ಲ, ಜೋರು ಗಾಳಿ ಬಂದಾಗ ಒಂದು ಕಡೆ ವಾಲಿದರೂ ದಾರಿ ಬಿಡದೆ ಗಟ್ಟಿಯಾಗಿ ಸಾಗಿತು.

ಆಮೇಲಿನದು ನನ್ನ ಕೆಲಸ. ಕಂಬ, ತಂತಿ, ತಳದ ಬೋಲ್ಟು ಒಂದೂ ಬಿಡದೆ ನೋಡಿದೆ. ಹೊಸ ಹಾಯಿ ಹಾಕಿದರೆ ಇದು ರೇಸಿನಲ್ಲೂ ನನ್ನ ಮಾನ ಕಾಪಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಸ್ಟೌ ಹತ್ತಿಸಿ ನೋಡಿದ ನಾಗಮಣಿ, "ಇದೇ ಇರ್ಲಿ" ಅಂದಳು.

ಮಾತುಕತೆ ಮುಗಿಯಿತು. ಅವಳು ನೇರ ಹೋಗಿ ಬೋಟು ಕಟ್ಟಿದ್ದ ಡಾಕ್ಟರ ಹಳೇ ಹಗ್ಗ ಬಿಚ್ಚಿ, ಸುತ್ತಿ, ಅವರ ಕೈಗೆ ಕೊಟ್ಟಳು. ಅವರಿಗೆ ಅರ್ಥವಾಗಲಿಲ್ಲ.

ತಾಳವಾಡಿ ಕಡೆಯವರಿಗೆಲ್ಲ ಬರುವ ತಮಿಳಿನಲ್ಲಿ, ಅವರಿಗೆ ತಿಳಿಯುವ ಹಾಗೆ ವಿವರಿಸಿದಳು. ನಮ್ಮ ಕಡೆ ದನ ಮಾರಿದರೂ ಹಗ್ಗ ಮಾರಲ್ಲ, ಅದು ಸಾಕಿದವರ ಮನೆಯಲ್ಲೇ ಉಳಿಯಬೇಕು, ಕೊಂಡವರು ತಮ್ಮ ಹಗ್ಗ ತರಬೇಕು ಅಂತ. ಡಾಕ್ಟರು ಆ ಹಗ್ಗ ಎದೆಗೊತ್ತಿಕೊಂಡು ಆ ಕಡೆ ತಿರುಗಿ ನಿಂತರು. ನನ್ನ ಕಣ್ಣೂ ತುಂಬಿ ಬಂತು.

ತಾಳವಾಡಿ ಹಗ್ಗದಲ್ಲಿ ಅವಳೇ ಬೋಟು ಕಟ್ಟಿದಳು, ಕೊಟ್ಟಿಗೆಯಲ್ಲಿ ಹಸು ಕಟ್ಟುವ ಗಂಟು. ನೇವಿಯವರು ಯಾರೂ ಹಾಗೆ ಕಟ್ಟಲ್ಲ. ಬಿಚ್ಚಿ ಸರಿಯಾದ ಗಂಟು ಹಾಕೋಣ ಅಂತ ಕೈ ಹಾಕಿದವನು, ಹಿಂದೆ ತೆಗೆದೆ.

ಇನ್ನು ರೇಸಿನ ದಿನ ಕ್ಯಾನು, ಸ್ಟೌ ಎಲ್ಲ ಇಳಿಸ್ತೀನಿ. ಅವಳನ್ನ ಮಾತ್ರ ಇಳಿಸಲ್ಲ.

ಹದಿನೆಂಟು ವರ್ಷ ದಡದಲ್ಲಿ ಕಾದವಳು ಹಾಕಿದ ಗಂಟು, ನೀವಾಗಿದ್ದರೆ ಬಿಚ್ಚುತ್ತಿದ್ದಿರಾ?